ಹಿಂದಿನ ಅಪರಾಧವೂ ಇಂದಿನ ವಿಚಾರಣೆಯೂ: ಸಾಕ್ಷ್ಯ ಅಧಿನಿಯಮದ ೫೪ನೆಯ ಪ್ರಕರಣದ ವಿಮರ್ಶೆ

೧

ಕಳವಿನ ಆಪಾದನೆಗೆ ಒಳಗಾಗಿ ನ್ಯಾಯಾಲಯದ ಮುಂದೆ ನಿಂತಿರುವ ಒಬ್ಬನು ಹಿಂದೆ ಎರಡು ಬಾರಿ ಕಳವಿಗಾಗಿಯೇ ಸೆರೆಮನೆಯನ್ನು ಕಂಡವನೆಂದು ಭಾವಿಸೋಣ. ಈಗಿನ ಕಳವನ್ನು ಮಾಡಿದವನು ಇವನೇ ಎಂಬುದನ್ನು ನಿರ್ಣಯಿಸಬೇಕಾದ ನ್ಯಾಯಾಧೀಶನಿಗೆ ಆ ಹಿಂದಿನ ವಿಷಯವನ್ನು ತಿಳಿಸುವುದು ಯುಕ್ತವೇ? ಲೋಕವನ್ನು ಕೇಳಿದರೆ ಉತ್ತರಕ್ಕೆ ತಡವಾಗದು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕಟ್ಟಿದ ಜನ, ಇಂಥ ವಿಷಯವನ್ನು ಮುಚ್ಚಿಡುವುದೇ ಅನ್ಯಾಯವೆಂದು ಹೇಳಿಯಾರು. ಆಳನ್ನು ನೇಮಿಸಿಕೊಳ್ಳುವಾಗ, ಸಾಲ ಕೊಡುವಾಗ, ಮನೆಯ ಮಗಳನ್ನು ಕೊಡುವಾಗ ನಾವೆಲ್ಲರೂ ಎದುರಿಗಿರುವವನ ಪೂರ್ವಚರಿತ್ರೆಯನ್ನು ವಿಚಾರಿಸುತ್ತೇವೆ. ನ್ಯಾಯಾಲಯವೊಂದೇ ಆ ಕಡೆಗೆ ಕಣ್ಣು ಮುಚ್ಚಿಕೊಳ್ಳಬೇಕೇಕೆ?

ಈ ಪ್ರಶ್ನೆ ಪಂಡಿತರ ವಿನೋದಕ್ಕೆ ಮಾತ್ರ ಮೀಸಲಾದುದಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು ೨೦೦೩ರಲ್ಲಿ ಸಲ್ಲಿಸಿದ, ದಂಡನ್ಯಾಯ ವ್ಯವಸ್ಥೆಯ ಸುಧಾರಣೆಯನ್ನು ಕುರಿತ ವರದಿಯಲ್ಲಿ, ಸಾಕ್ಷ್ಯ ಅಧಿನಿಯಮದ ೫೪ನೆಯ ಪ್ರಕರಣವನ್ನು ಬದಲಿಸಿ ಆಪಾದಿತನ ದುಶ್ಶೀಲವನ್ನೂ ಪೂರ್ವಚರಿತ್ರೆಯನ್ನೂ ಸಂಗತವಾದ ಸಾಕ್ಷ್ಯವನ್ನಾಗಿ ಮಾಡಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿಯಿತು. ೧೮೭೨ರ ಅಧಿನಿಯಮದ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವಾದರೋ ಈ ಶಿಫಾರಸನ್ನು ಸ್ವೀಕರಿಸದೆ, ಹಳೆಯ ನಿಯಮವನ್ನೇ ತನ್ನ ೪೯ನೆಯ ಪ್ರಕರಣದಲ್ಲಿ ಉಳಿಸಿಕೊಂಡಿತು. ಹಾಗೆ ಉಳಿಸಿಕೊಂಡುದು ಸರಿಯೇ? ಉಳಿಸಿಕೊಂಡ ನಿಯಮ ಸಾಕಷ್ಟು ಬಲವುಳ್ಳದ್ದೇ? ಈ ಎರಡು ಪ್ರಶ್ನೆಗಳನ್ನು ಆ ಪ್ರಕರಣದ ಇತಿಹಾಸದ ಬೆಳಕಿನಲ್ಲಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

೨

೫೪ನೆಯ ಪ್ರಕರಣಕ್ಕೆ ಎರಡು ಜನ್ಮಗಳಿವೆ. ಇಂದು ನಮಗೆ ಪರಿಚಿತವಾಗಿರುವುದು ಎರಡನೆಯದು. ಮೊದಲನೆಯದನ್ನು ಬಹುಮಂದಿ ಮರೆತಿದ್ದಾರೆ.

ವೈಸರಾಯಿಯ ಮಂತ್ರಾಲೋಚನ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ ಸಾಕ್ಷ್ಯ ಅಧಿನಿಯಮವು ೧೮೭೨ರ ಸೆಪ್ಟೆಂಬರ್ ೧ರಂದು ಜಾರಿಗೆ ಬಂದಿತು. ಇಂಗ್ಲೆಂಡಿನಲ್ಲಿ ನೂರಾರು ತೀರ್ಪುಗಳಲ್ಲಿ ಚದರಿಹೋಗಿದ್ದ ನಿಯಮಗಳನ್ನು ಸಂಗ್ರಹಿಸಿ, ‘ಸಂಗತತೆ’ ಎಂಬ ಒಂದೇ ಎಳೆಯಲ್ಲಿ ಪೋಣಿಸಿದ್ದು ಸ್ಟೀಫನ್ನನ ಹಿರಿಮೆ. ಯಾವ ವಿಷಯವು ವಿವಾದದ ವಿಷಯದೊಡನೆ ಕಾರ್ಯಕಾರಣ ಸಂಬಂಧವನ್ನು ಪಡೆದಿರುವುದೋ ಅದು ಸಂಗತ, ಉಳಿದುದು ಅಸಂಗತ; ಇದು ಆತನ ಮೂಲಸೂತ್ರ. ಈ ಸೂತ್ರವನ್ನು ಅನುಸರಿಸಿಯೇ ಆತನು ಶೀಲದ ವಿಷಯದಲ್ಲಿ ಹೀಗೆ ವಿಧಿಸಿದನು: ದಂಡವಿಚಾರಣೆಯಲ್ಲಿ ಆಪಾದಿತನು ಕೆಟ್ಟ ನಡತೆಯವನೆಂಬ ವಿಷಯ, ಆತನೇ ತನ್ನ ಸಚ್ಛೀಲದ ಸಾಕ್ಷ್ಯವನ್ನು ಮುಂದಿಡದ ಹೊರತು, ಅಸಂಗತ, ಆದರೆ ಆತನು ಹಿಂದೆ ಯಾವುದಾದರೊಂದು ಅಪರಾಧಕ್ಕಾಗಿ ಶಿಕ್ಷಿತನಾಗಿದ್ದಾನೆಂಬ ವಿಷಯ ಸಂಗತ.

ಈ ವಿಧಿಯೊಳಗಿನ ಬಿರುಕನ್ನು ವಾಚಕರು ಗಮನಿಸಬೇಕು. ಊರಿನವರು ಒಬ್ಬನನ್ನು ಕಳ್ಳನೆನ್ನುತ್ತಾರೆ ಎಂಬ ಮಾತಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆ. ನ್ಯಾಯಾಲಯವೊಂದು ಹಿಂದೆ ಅವನನ್ನು ಕಳ್ಳನೆಂದಿತ್ತು ಎಂಬ ಮಾತಿಗೆ ಅದು ತೆರೆದಿದೆ. ಇದಕ್ಕೆ ಸಮರ್ಥನೆಯೇನಿರಬಹುದು? ಊರ ಮಾತು ಅನಿಶ್ಚಿತ, ತೀರ್ಪಿನ ದಾಖಲೆ ನಿಶ್ಚಿತ ಎಂದಷ್ಟೇ ಹೇಳಬಹುದು. ಆದರೆ ಒಂದು ವಿಷಯವು ನಿಶ್ಚಿತವಾಗಿ ಸಿದ್ಧವಾಗಿದೆ ಎಂಬುದು ಬೇರೆ, ಅದು ಪ್ರಕೃತ ವಿವಾದವನ್ನು ನಿಶ್ಚಯಿಸುತ್ತದೆ ಎಂಬುದು ಬೇರೆ. ಮೊದಲನೆಯದರ ಬಲವನ್ನು ಎರಡನೆಯದಕ್ಕೆ ಸಾಲ ಕೊಟ್ಟಂತಾಯಿತು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದುದು. ಇದೇ ಸ್ಟೀಫನ್ ಸ್ವದೇಶಕ್ಕೆ ಹಿಂದಿರುಗಿ ೧೮೭೬ರಲ್ಲಿ ಇಂಗ್ಲೆಂಡಿನ ಸಾಕ್ಷ್ಯ ನಿಯಮಗಳ ಸಂಗ್ರಹವೊಂದನ್ನು ಪ್ರಕಟಿಸಿದನು. ಆಪಾದಿತನ ದುಶ್ಶೀಲ ಅಸಂಗತವೆಂಬ ನಿಯಮವನ್ನು ಅಲ್ಲಿಯೂ ದಾಖಲಿಸಿದನು. ಆದರೆ ಹಿಂದಿನ ಶಿಕ್ಷೆಗಳೆಲ್ಲವೂ ಎಲ್ಲ ದಂಡವಿಚಾರಣೆಗಳಲ್ಲಿಯೂ ಸಂಗತವೆಂಬ ವಿಶಾಲವಾದ ವಿಧಿ ಇಂಗ್ಲೆಂಡಿನ ಸಾಮಾನ್ಯ ನಿಯಮವಾಗಿರಲಿಲ್ಲ. ಇಂಗ್ಲೆಂಡಿನ ಪ್ರಜೆಗಿಲ್ಲದ ಒಂದು ಅಪಾಯವನ್ನು ಭಾರತದ ಪ್ರಜೆಯ ಮೇಲೆ ಹೊರಿಸಿದಂತೆ ಆಯಿತಷ್ಟೆ.

೧೮೯೧ರ ೩ನೆಯ ಅಧಿನಿಯಮದಿಂದ ಈ ಪ್ರಕರಣವನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ಇಂದಿನ ರೂಪವನ್ನು ಇಡಲಾಯಿತು. ಅದರ ಪ್ರಕಾರ ದುಶ್ಶೀಲವು ಅಸಂಗತ. ಆಪಾದಿತನು ತನ್ನ ಸಚ್ಛೀಲಕ್ಕೆ ಸಾಕ್ಷ್ಯ ಕೊಟ್ಟಾಗ ಮಾತ್ರ ಅದಕ್ಕೆ ಉತ್ತರವಾಗಿ ಸಂಗತವಾಗುತ್ತದೆ. ದುಶ್ಶೀಲವೇ ವಿವಾದದ ವಿಷಯವಾಗಿರುವಲ್ಲಿ ಈ ನಿಷೇಧವಿಲ್ಲ. ಹಿಂದಿನ ಶಿಕ್ಷೆಯು ದುಶ್ಶೀಲಕ್ಕೆ ಸಾಕ್ಷ್ಯವಾಗಬಲ್ಲದು. ಎಂದರೆ, ದುಶ್ಶೀಲಕ್ಕೆ ಬಾಗಿಲು ತೆರೆದಾಗಲೇ ಅದಕ್ಕೂ ತೆರೆಯುವುದು. ಊರ ಮಾತನ್ನೂ ತೀರ್ಪಿನ ದಾಖಲೆಯನ್ನೂ ಒಂದೇ ಹೊಸ್ತಿಲ ಹೊರಗೆ ನಿಲ್ಲಿಸಿದುದು ೧೮೯೧ರ ತಿದ್ದುಪಡಿಯ ಸಾಧನೆ. ಹತ್ತೊಂಬತ್ತು ವರ್ಷಗಳ ಅನುಭವದಿಂದ ಶಾಸನವು ಕಲಿತ ಪಾಠವನ್ನು ೨೦೦೩ರ ಶಿಫಾರಸು ಮರೆಯಬಯಸಿತೆಂಬುದೇ ನಮ್ಮ ಆಕ್ಷೇಪಣೆ.

೩

ಈಗ ಪ್ರಶ್ನೆಯ ತಿರುಳಿಗೆ ಬರೋಣ. ‘ಇವನು ಹಿಂದೆ ಕದ್ದವನು, ಆದುದರಿಂದ ಇದನ್ನೂ ಕದ್ದಿದ್ದಾನೆ’ ಎಂಬ ಅನುಮಾನವನ್ನು ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಪರೀಕ್ಷಿಸಿದರೆ, ಅದರ ಹೇತು ಸವ್ಯಭಿಚಾರವಾದುದೆಂದು ಸುಲಭವಾಗಿ ತಿಳಿಯುವುದು. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿ ಹಿಂದಿನ ಕಳವಿಗೂ ಈ ಕಳವಿಗೂ ಇಲ್ಲ. ಹಿಂದೆ ಕದ್ದವರಲ್ಲಿ ಮತ್ತೆ ಕದಿಯದವರಿದ್ದಾರೆ. ಮತ್ತೆ ಕದ್ದವರಲ್ಲಿಯೂ ಈ ಮನೆಯಲ್ಲಿ, ಈ ರಾತ್ರಿ, ಈ ಒಡವೆಯನ್ನು ಕದಿಯದವರು ಬಹುಮಂದಿ. ಹೆಚ್ಚೆಂದರೆ ಇದೊಂದು ಸಂಭಾವನೆ.

ಸಂಭಾವನೆಗೂ ಅದರದೇ ಬೆಲೆಯುಂಟಲ್ಲವೇ, ಇತರ ಸಾಕ್ಷ್ಯಗಳ ಜೊತೆಗೆ ಅದನ್ನೂ ಸೇರಿಸಿ ತೂಗಬಾರದೇ ಎಂದು ಕೇಳಬಹುದು. ಸೇರಿಸಿ ತೂಗುವ ಮೊದಲು, ಅದು ತಕ್ಕಡಿಯಲ್ಲಿ ಆಗಲೇ ಇದೆಯೋ ಎಂಬುದನ್ನು ನೋಡಿಕೊಳ್ಳಬೇಕು. ಆಪಾದಿತನು ನ್ಯಾಯಾಲಯದ ಮುಂದೆ ಹೇಗೆ ಬಂದನು? ಊರಿನಲ್ಲಿ ಕಳವಾದಾಗ ಠಾಣೆಯವರು ಮೊದಲು ತೆರೆಯುವ ಪುಸ್ತಕ ಹಳೆಯ ಕಳ್ಳರ ಪಟ್ಟಿ. ಅದರಲ್ಲಿ ಹೆಸರಿದ್ದವನನ್ನು ಮೊದಲು ಕರೆಯುತ್ತಾರೆ, ಅವನ ಮನೆಯನ್ನು ಮೊದಲು ಶೋಧಿಸುತ್ತಾರೆ, ಅವನ ಭಾವಚಿತ್ರವನ್ನು ಫಿರ್ಯಾದುದಾರನಿಗೆ ಮೊದಲು ತೋರಿಸುತ್ತಾರೆ. ಎಂದರೆ ಸಾವಿರಾರು ಜನರ ನಡುವಿನಿಂದ ಇವನನ್ನು ಆರಿಸಿ ತಂದದ್ದೇ ಅವನ ಪೂರ್ವಚರಿತ್ರೆ. ಆರಿಸಿ ತರುವುದರಲ್ಲಿ ಅದು ತನ್ನ ಬಲವನ್ನು ವ್ಯಯಮಾಡಿ ಮುಗಿಸಿದೆ. ನ್ಯಾಯಾಲಯದಲ್ಲಿ ಅದನ್ನೇ ಮತ್ತೊಮ್ಮೆ ಸಾಕ್ಷ್ಯವೆಂದು ಮಂಡಿಸುವುದು ಒಂದೇ ನಾಣ್ಯವನ್ನು ಎರಡು ಬಾರಿ ಎಣಿಸಿದಂತೆ. ಪೂರ್ವಾಪರಾಧದ ಸಾಕ್ಷ್ಯವು ನ್ಯಾಯಾಧೀಶನ ಮನಸ್ಸಿನಲ್ಲಿ ಪೂರ್ವಗ್ರಹವನ್ನುಂಟುಮಾಡುವುದೆಂಬ ಆಕ್ಷೇಪಣೆ ಎಲ್ಲರಿಗೂ ತಿಳಿದದ್ದು. ಪೂರ್ವಗ್ರಹವಿಲ್ಲದ ನ್ಯಾಯಾಧೀಶನೂ ಈ ಎರಡೆಣಿಕೆಯ ದೋಷಕ್ಕೆ ಸಿಲುಕುವನೆಂಬುದನ್ನು ಮಾತ್ರ ಸಾಕಷ್ಟು ಮಂದಿ ಗಮನಿಸಿದಂತಿಲ್ಲ.

ಶಂಕೆಗೂ ನಿರ್ಣಯಕ್ಕೂ ಇರುವ ಈ ಅಂತರ ಪಶ್ಚಿಮದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸ್ತೇಯವನ್ನು ಕುರಿತ ಭಾಗವಿದೆ. ಕಳ್ಳರನ್ನು ಹಿಡಿಯುವ ಅಧಿಕಾರಿಗಳು ಯಾವ ಯಾವ ಗುರುತುಗಳಿಂದ ಹಿಡಿಯಬೇಕೆಂಬುದನ್ನು ಅಲ್ಲಿ ಹೇಳಿದೆ: ಕದ್ದ ಮಾಲು, ಹೆಜ್ಜೆಯ ಜಾಡು, ಹಿಂದೆ ಅದೇ ಕರ್ಮದಲ್ಲಿ ಅಪರಾಧಿಯಾಗಿದ್ದುದು, ವಾಸಸ್ಥಳದ ಅಶುದ್ಧಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ಭಾಗವನ್ನು ವಿವರಿಸುತ್ತ, ಇಂಥ ಗುರುತುಗಳು ಕಂಡ ಮಾತ್ರಕ್ಕೆ ಕಳ್ಳನೆಂದು ನಿಶ್ಚಯಿಸಲಾಗದು, ಕಳ್ಳನಲ್ಲದವನಲ್ಲಿಯೂ ಅವು ಕಾಣಬಹುದು, ಆದುದರಿಂದ ಪರೀಕ್ಷೆ ಅವಶ್ಯಕ ಎಂಬ ಎಚ್ಚರಿಕೆಯನ್ನು ನಾರದನ ಆಧಾರದಿಂದ ಕೊಡುತ್ತಾನೆ. ಕದ್ದ ಮಾಲು ಕೂಡ ಇನ್ನೊಬ್ಬನ ಕೈಯಿಂದ ಬಂದಿರಬಹುದು, ನೆಲದ ಮೇಲೆ ಬಿದ್ದು ಸಿಕ್ಕಿರಬಹುದು. ಪೂರ್ವಾಪರಾಧವು ಇಲ್ಲಿ ಹಿಡಿಯುವುದಕ್ಕೆ ಕಾರಣವಾಗಿದೆಯೇ ಹೊರತು ದಂಡಿಸುವುದಕ್ಕೆ ಪ್ರಮಾಣವಾಗಿಲ್ಲ. ಆದರೆ ಈ ಹಳೆಯ ವ್ಯವಸ್ಥೆಯನ್ನು ಹೊಗಳಿ ನಿಲ್ಲಿಸುವುದು ಇತಿಹಾಸಕ್ಕೆ ಅಪಚಾರವಾದೀತು. ಶಂಕೆಯಿಂದ ಹಿಡಿಯಲ್ಪಟ್ಟವನು ತನ್ನನ್ನು ಶುದ್ಧಗೊಳಿಸಿಕೊಳ್ಳದಿದ್ದರೆ ಕಳ್ಳನಂತೆಯೇ ದಂಡಾರ್ಹನೆಂದು ಅದೇ ಸ್ಮೃತಿ ಮುಂದೆ ವಿಧಿಸುತ್ತದೆ. ಶಂಕೆಯನ್ನು ನಿರ್ಣಯದಿಂದ ಬೇರ್ಪಡಿಸಿದ ಮೇಲೆ, ಅದನ್ನು ತೊಡೆದುಹಾಕುವ ಭಾರವನ್ನು ಶಂಕಿತನ ಹೆಗಲಿಗೇ ಹಾಕಿದರೆ, ಬೇರ್ಪಡಿಸಿದುದರ ಫಲ ಬಹುಮಟ್ಟಿಗೆ ನಷ್ಟವಾಗುವುದು.

ಇತಿಹಾಸದ ವಿದ್ಯಾರ್ಥಿಗಳಿಗೆ ಹತ್ತಿರವಾದ ಒಂದು ನಿದರ್ಶನವನ್ನು ಇಲ್ಲಿ ಕೊಡಬಹುದು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ತೋರಿಸಿದರು, ಬಿ. ಎಲ್. ರೈಸರು ಅವುಗಳ ಪರವಾಗಿ ವಾದಿಸಿದರು. ಗಂಗರ ಹೆಸರಿನ ತಾಮ್ರಪಟವೆಂದರೆ ಶಂಕೆಯಿಂದಲೇ ನೋಡುವ ರೂಢಿ ಕೆಲಕಾಲ ಬೆಳೆಯಿತು. ಆದರೆ ಪೆನುಕೊಂಡದ ತಾಮ್ರಪಟಗಳು ದೊರೆತಾಗ ಫ್ಲೀಟರೇ ಅವನ್ನು ನೈಜವೆಂದು ಒಪ್ಪಿಕೊಂಡರು. ಹಿಂದಿನ ಕೂಟಶಾಸನಗಳು ಹೊಸ ಶಾಸನವನ್ನು ಎಚ್ಚರದಿಂದ ಓದಬೇಕೆಂಬುದಕ್ಕೆ ಕಾರಣವಾದವು. ಅದರ ಸತ್ಯಾಸತ್ಯವನ್ನು ನಿರ್ಣಯಿಸಬೇಕಾದುದು ಅದರದೇ ಲಿಪಿ, ಭಾಷೆ, ಒಕ್ಕಣೆಗಳು. ತಾಮ್ರದ ತಗಡಿಗೆ ಸಲ್ಲುವ ಈ ನ್ಯಾಯ ಮನುಷ್ಯನಿಗೂ ಸಲ್ಲಬೇಡವೇ?

೪

ಇಷ್ಟನ್ನು ಒಪ್ಪಿದರೂ, ಪೂರ್ವಕೃತ್ಯಗಳು ಎಂದಿಗೂ ಸಾಕ್ಷ್ಯವಾಗಬಾರದೆಂದು ನಾವು ಹೇಳುತ್ತಿಲ್ಲ. ಶೀಲದ ಮೂಲಕ ಹಾದುಹೋಗುವ ಅನುಮಾನ ಒಂದು. ಶೀಲವನ್ನು ಮುಟ್ಟದೆ ನೇರವಾಗಿ ವಿವಾದದ ವಿಷಯಕ್ಕೆ ತಲಪುವ ಅನುಮಾನ ಇನ್ನೊಂದು. ಅಧಿನಿಯಮದ ೧೪ ಮತ್ತು ೧೫ನೆಯ ಪ್ರಕರಣಗಳು, ಈಗಿನ ೧೨ ಮತ್ತು ೧೩ನೆಯವು, ಎರಡನೆಯ ಬಗೆಗೆ ಎಡೆಕೊಟ್ಟಿವೆ. ಇವುಗಳಿಗೆ ಸ್ಟೀಫನ್ ಜೋಡಿಸಿದ ದೃಷ್ಟಾಂತಗಳು ಆತನ ಬುದ್ಧಿಯ ತೀಕ್ಷ್ಣತೆಗೆ ಸಾಕ್ಷಿಯಾಗಿವೆ. ಒಬ್ಬನನ್ನು ಗುಂಡಿಟ್ಟು ಕೊಂದ ಆಪಾದನೆಯಲ್ಲಿ, ಆಪಾದಿತನು ಹಿಂದೆಯೂ ಅದೇ ವ್ಯಕ್ತಿಯ ಮೇಲೆ ಗುಂಡು ಹಾರಿಸಿದ್ದನೆಂಬುದು ಸಂಗತ, ಏಕೆಂದರೆ ಅದು ಉದ್ದೇಶವನ್ನು ತೋರಿಸುತ್ತದೆ. ಕಂಡ ಕಂಡ ಜನರನ್ನು ಕೊಲ್ಲಲೆಂದು ಗುಂಡು ಹಾರಿಸುವುದು ಅವನ ಅಭ್ಯಾಸವೆಂಬುದು ಅಸಂಗತ. ವಿಮೆಯ ಹಣಕ್ಕಾಗಿ ಮನೆಯನ್ನು ಸುಟ್ಟ ಆಪಾದನೆಯಲ್ಲಿ, ಆಪಾದಿತನು ಒಂದಾದ ಮೇಲೊಂದರಂತೆ ವಾಸಿಸಿದ ಮನೆಗಳೆಲ್ಲಕ್ಕೂ ವಿಮೆಯಿತ್ತು, ಎಲ್ಲಕ್ಕೂ ಬೆಂಕಿ ಬಿದ್ದಿತು, ಪ್ರತಿ ಸಲವೂ ಬೇರೆ ಬೇರೆ ಕಚೇರಿಗಳಿಂದ ಹಣ ಬಂದಿತು ಎಂಬುದು ಸಂಗತ.

ಈ ವಿಷಯದಲ್ಲಿ ಎರಡು ಪ್ರಸಿದ್ಧ ಮೊಕದ್ದಮೆಗಳನ್ನು ಉದಾಹರಿಸುವುದು ವಾಡಿಕೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮೇಕಿನ್ ದಂಪತಿಗಳು ಹಣ ಪಡೆದು ಶಿಶುಗಳನ್ನು ಸಾಕುವುದಾಗಿ ತೆಗೆದುಕೊಂಡು ಕೊಲ್ಲುತ್ತಿದ್ದರೆಂಬುದು ಮೊದಲನೆಯದು. ಅವರು ವಾಸಿಸಿದ್ದ ಬೇರೆ ಬೇರೆ ಮನೆಗಳ ಅಂಗಳಗಳಲ್ಲಿ ಇತರ ಶಿಶುಗಳ ಶವಗಳು ದೊರೆತವೆಂಬ ಸಾಕ್ಷ್ಯವನ್ನು ಪ್ರಿವಿ ಕೌನ್ಸಿಲು ಅಂಗೀಕರಿಸಿತು. ಆದರೆ ಆಪಾದಿತನು ಇಂಥ ಅಪರಾಧಗಳನ್ನು ಮಾಡುವ ಸ್ವಭಾವದವನು ಎಂಬ ತೀರ್ಮಾನಕ್ಕೆ ಎಳೆಯುವುದಷ್ಟಕ್ಕೇ ಪೂರ್ವಕೃತ್ಯಗಳನ್ನು ಮಂಡಿಸಕೂಡದು ಎಂಬ ತತ್ತ್ವವನ್ನು ಲಾರ್ಡ್ ಹರ್ಷಲ್ ಅದೇ ತೀರ್ಪಿನಲ್ಲಿ ನೆಲೆಗೊಳಿಸಿದನು. ಎರಡನೆಯದು ೧೯೧೫ರಲ್ಲಿ ಲಂಡನ್ನಿನಲ್ಲಿ ನಡೆದ ಜಾರ್ಜ್ ಜೋಸೆಫ್ ಸ್ಮಿತ್ತನ ವಿಚಾರಣೆ. ಅವನು ಮದುವೆಯಾದ ಮೂವರು ಸ್ತ್ರೀಯರು ೧೯೧೨, ೧೯೧೩ ಮತ್ತು ೧೯೧೪ರಲ್ಲಿ ಒಬ್ಬೊಬ್ಬರಾಗಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದರು. ಅವರ ಸಾವಿನಿಂದ ಅವನಿಗೆ ಹಣದ ಲಾಭವಿತ್ತು. ಮೊದಲನೆಯವಳ ಕೊಲೆಯ ವಿಚಾರಣೆಯಲ್ಲಿ ಉಳಿದಿಬ್ಬರ ಸಾವಿನ ಸಾಕ್ಷ್ಯವನ್ನು ಅಂಗೀಕರಿಸಿ ಅವನಿಗೆ ಮರಣದಂಡನೆಯನ್ನು ವಿಧಿಸಲಾಯಿತು.

ಇಲ್ಲಿ ಅನುಮಾನದ ಸ್ವರೂಪವೇ ಬೇರೆ. ‘ಸ್ಮಿತ್ ದುಷ್ಟ, ಆದುದರಿಂದ ಕೊಂದನು’ ಎಂದಲ್ಲ, ‘ಮೂರು ಸಲ ಒಂದೇ ರೀತಿಯ ಆಕಸ್ಮಿಕ ಒಬ್ಬನ ಮನೆಯಲ್ಲಿಯೇ ನಡೆಯುವುದು ಅಸಂಭವ, ಆದುದರಿಂದ ಅದು ಆಕಸ್ಮಿಕವಲ್ಲ’ ಎಂದು. ಸ್ಮಿತ್ತನ ಶೀಲದ ವಿಷಯದಲ್ಲಿ ಏನನ್ನೂ ಊಹಿಸದೆಯೇ ಈ ತೀರ್ಮಾನವನ್ನು ತಲಪಬಹುದು. ಗಮನಿಸತಕ್ಕ ಇನ್ನೊಂದು ಅಂಶವೆಂದರೆ, ಈ ಎರಡು ಮೊಕದ್ದಮೆಗಳಲ್ಲಿಯೂ ಮಂಡಿತವಾದುದು ಪೂರ್ವಕೃತ್ಯಗಳ ಸಾಕ್ಷ್ಯವೇ ಹೊರತು ಪೂರ್ವಶಿಕ್ಷೆಗಳ ದಾಖಲೆಯಲ್ಲ. ೫೪ನೆಯ ಪ್ರಕರಣದ ನಿಷೇಧವನ್ನು ಸಡಿಲಿಸಬೇಕೆನ್ನುವವರು ಇಂಥ ಭೀಕರ ನಿದರ್ಶನಗಳನ್ನು ಮುಂದಿಡುವುದುಂಟು. ಆದರೆ ಇವುಗಳಿಗೆ ಬೇಕಾದ ದಾರಿ ೧೪ ಮತ್ತು ೧೫ನೆಯ ಪ್ರಕರಣಗಳಲ್ಲಿ ೧೮೭೨ರಿಂದಲೂ ತೆರೆದೇ ಇದೆ. ಸಡಿಲಿಕೆಯಿಂದ ಹೊಸದಾಗಿ ಸಿಕ್ಕಿಬೀಳುವವನು ಸ್ಮಿತ್ತನಂಥವನಲ್ಲ, ಠಾಣೆಯ ಪಟ್ಟಿಯಲ್ಲಿ ಹೆಸರಿರುವ ಚಿಲ್ಲರೆ ಕಳ್ಳ.

೫

ಠಾಣೆಯ ಪಟ್ಟಿಯೆಂದಾಗ ಅದರ ಇತಿಹಾಸವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸಾಕ್ಷ್ಯ ಅಧಿನಿಯಮ ಹೊರಬರುವುದಕ್ಕೆ ಐದು ತಿಂಗಳ ಹಿಂದೆ, ೧೮೭೧ರ ಅಕ್ಟೋಬರಿನಲ್ಲಿ, ಸ್ಟೀಫನ್ ಕಾನೂನು ಸದಸ್ಯನಾಗಿದ್ದಾಗಲೇ, ಅಪರಾಧಿ ಬುಡಕಟ್ಟುಗಳ ಅಧಿನಿಯಮವು ಅಂಗೀಕೃತವಾಯಿತು. ಒಂದು ಬುಡಕಟ್ಟನ್ನು ಅಥವಾ ವರ್ಗವನ್ನು ಅಪರಾಧಗಳಲ್ಲಿ ನಿರತವಾದುದೆಂದು ಸರ್ಕಾರವು ಘೋಷಿಸಿ, ಅದರ ಜನರ ಹೆಸರುಗಳನ್ನು ಪಟ್ಟಿಮಾಡಿ, ಅವರ ಓಡಾಟವನ್ನು ನಿರ್ಬಂಧಿಸಬಹುದಾಗಿತ್ತು. ಅದೇ ಕಾಲದ ಅದೇ ಮಂತ್ರಾಲೋಚನ ಸಭೆಯಿಂದ ಹೊರಟ ಈ ಎರಡು ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ೫೪ನೆಯ ಪ್ರಕರಣದ ಮೊದಲ ರೂಪ ಆಕಸ್ಮಿಕವಲ್ಲವೆಂದು ತೋರುವುದು. ಒಂದು ಶಾಸನ ವ್ಯಕ್ತಿಯ ಹಿಂದಿನ ಶಿಕ್ಷೆಯಿಂದ ಅವನ ಇಂದಿನ ಕೃತ್ಯವನ್ನು ಊಹಿಸಿತು. ಇನ್ನೊಂದು, ಹುಟ್ಟಿನಿಂದಲೇ ಊಹಿಸಿತು. ಅಪರಾಧವನ್ನು ಮಾಡಿದ ಕೃತ್ಯವೆಂದು ಎಣಿಸದೆ ಮನುಷ್ಯನ ಸ್ವಭಾವವೆಂದು ಎಣಿಸಿದ ಒಂದೇ ದೃಷ್ಟಿಯ ಎರಡು ಮುಖಗಳಿವು.

ಮೊದಲನೆಯದನ್ನು ೧೮೯೧ರಲ್ಲಿ ತಿದ್ದಲಾಯಿತು. ಎರಡನೆಯದು ೧೯೧೧ರಲ್ಲಿ ಇನ್ನಷ್ಟು ಪ್ರಾಂತಗಳಿಗೆ ವ್ಯಾಪಿಸಿ, ೧೯೨೪ರಲ್ಲಿ ಪುನಾರಚಿತವಾಗಿ, ೧೯೫೨ರವರೆಗೆ ಬಾಳಿತು. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ತಂತಿಬೇಲಿಯ ವಸಾಹತುಗಳು ಏರ್ಪಟ್ಟವು. ಗಂಟಿಚೋರ್, ಹರಣಶಿಕಾರಿ, ಛಪ್ಪರಬಂದ್ ಮೊದಲಾದ ಸಮುದಾಯಗಳ ಜನರನ್ನು ಅವುಗಳಲ್ಲಿ ಇರಿಸಲಾಯಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟು’ ಎಂಬ ಹೆಸರು ಬಡಾವಣೆಯ ಹೆಸರಾಗಿ ಇಂದಿಗೂ ಜನರ ಬಾಯಲ್ಲಿದೆ. ಗಂಟನ್ನು ಕದಿಯುವವರು ಎಂದು ಅರ್ಥ ಕೊಡುವ ಮಾತನ್ನೇ ಒಂದು ಸಮುದಾಯದ ಹೆಸರಾಗಿ ಸರ್ಕಾರದ ಕಾಗದಗಳಲ್ಲಿ ಬರೆದಾಗ, ಆ ಸಮುದಾಯದ ಕೂಸಿನ ಮೇಲೆ ಆಪಾದನೆಯನ್ನು ಹೊರಿಸುವ ಕೆಲಸ ನಾಮಕರಣದಲ್ಲಿಯೇ ಮುಗಿದಂತಾಗುತ್ತದೆ. ಇಂಥ ಸಮುದಾಯದವನಿಗೆ ಪೂರ್ವಶಿಕ್ಷೆಗಳು ಹೆಚ್ಚಾಗಿದ್ದರೆ, ಅವನು ಹೆಚ್ಚಾಗಿ ಕದ್ದನೆಂದು ಮಾತ್ರ ಅದರ ಅರ್ಥವೇ? ಹೆಚ್ಚಾಗಿ ಹುಡುಕಲ್ಪಟ್ಟನೆಂದೂ ಆಗಬಹುದಲ್ಲವೇ? ಪಟ್ಟಿಯು ಬಂಧನವನ್ನು ಹುಟ್ಟಿಸುತ್ತದೆ. ಬಂಧನವು ಶಿಕ್ಷೆಯನ್ನು ಹುಟ್ಟಿಸುತ್ತದೆ. ಶಿಕ್ಷೆಯು ಪಟ್ಟಿಯಲ್ಲಿ ಹೆಸರನ್ನು ಗಟ್ಟಿಮಾಡುತ್ತದೆ. ಈ ಚಕ್ರದೊಳಗೆ ಹುಟ್ಟಿದ ದಾಖಲೆಯನ್ನು ಸ್ವತಂತ್ರವಾದ ಸಾಕ್ಷ್ಯವೆಂದು ಎಣಿಸುವುದು ಇತಿಹಾಸವನ್ನು ಓದಿದವರಿಂದ ಆಗದ ಮಾತು.

೧೯೫೨ರ ಅನಂತರವೂ ಈ ದೃಷ್ಟಿ ಪೂರ್ತಿಯಾಗಿ ಅಳಿಯಲಿಲ್ಲ. ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಅಧಿನಿಯಮಗಳನ್ನು ಮಾಡಿದವು. ನಮ್ಮ ರಾಜ್ಯದ ಅಧಿನಿಯಮ ೧೯೬೧ರದು. ೨೦೨೪ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿನ ಜಾತಿಭೇದವನ್ನು ಕುರಿತ ಸುಕನ್ಯಾ ಶಾಂತಾ ಮೊಕದ್ದಮೆಯಲ್ಲಿ, ಸೆರೆಮನೆಯ ಕೈಪಿಡಿಗಳು ‘ರೂಢಿಗತ ಅಪರಾಧಿ’ ಎಂಬ ಮಾತನ್ನು ಜಾತಿಯ ಅಥವಾ ಬುಡಕಟ್ಟಿನ ಆಧಾರದಿಂದ ಬಳಸಕೂಡದೆಂದು ವಿಧಿಸಿತು. ನೂರೈವತ್ತು ವರ್ಷಗಳ ಹಿಂದಿನ ಶಾಸನದ ನೆರಳನ್ನು ಇಷ್ಟು ಈಚಿನ ತೀರ್ಪಿನಲ್ಲಿ ಕಾಣಬೇಕಾದುದು ಚಿಂತನೀಯ.

೬

ನಮ್ಮ ವಾದಕ್ಕೆ ವಿರುದ್ಧವಾಗಿ ತೋರುವ ಒಂದು ನಿದರ್ಶನವನ್ನೂ ಇಲ್ಲಿ ಪರಿಶೀಲಿಸುವುದು ನ್ಯಾಯ. ೧೮೭೭ರಲ್ಲಿ ಲಂಡನ್ನಿನಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನವನೊಬ್ಬನು ಸ್ತ್ರೀಯರನ್ನು ವಂಚಿಸಿ ಒಡವೆಗಳನ್ನು ಅಪಹರಿಸಿದ್ದಕ್ಕಾಗಿ ಶಿಕ್ಷಿತನಾದನು. ೧೮೯೬ರಲ್ಲಿ ಅದೇ ರೀತಿಯ ವಂಚನೆಗಳಿಗಾಗಿ ಅಡಾಲ್ಫ್ ಬೆಕ್ ಎಂಬುವನನ್ನು ವಿಚಾರಣೆಗೆ ಗುರಿಪಡಿಸಲಾಯಿತು. ಅವನೇ ಹಿಂದಿನ ಸ್ಮಿತ್ತನೆಂದು ಪೋಲೀಸರು ನಂಬಿದ್ದರು. ಬೆಕ್ಕನ ವಕೀಲನಿಗೆ ಬೇಕಾಗಿದ್ದುದೂ ಆ ಹಿಂದಿನ ವಿಷಯವೇ. ಏಕೆಂದರೆ ೧೮೭೭ರಲ್ಲಿ ಬೆಕ್ ದಕ್ಷಿಣ ಅಮೆರಿಕದಲ್ಲಿದ್ದನು. ಎರಡು ಕಾಲದ ವಂಚನೆಗಳೂ ಒಬ್ಬನ ಕೈಯವೇ ಆಗಿ, ಆ ಒಬ್ಬನು ಬೆಕ್ ಅಲ್ಲವೆಂದು ಸಿದ್ಧವಾದರೆ, ಬೆಕ್ ನಿರಪರಾಧಿ. ಆದರೆ ಹಿಂದಿನ ಅಪರಾಧದ ವಿಷಯ ಪ್ರಕೃತಕ್ಕೆ ಸಂಬಂಧಿಸಿದುದಲ್ಲವೆಂದು ನ್ಯಾಯಾಧೀಶನು ಅದನ್ನು ಹೊರಗಿಟ್ಟನು. ಬೆಕ್ಕನಿಗೆ ಏಳು ವರ್ಷಗಳ ಕಠಿನ ಸಜೆಯಾಯಿತು. ಬಿಡುಗಡೆಯಾದ ಮೇಲೆ ೧೯೦೪ರಲ್ಲಿ ಮತ್ತೆ ಅದೇ ಬಗೆಯ ಆಪಾದನೆಗೆ ಸಿಲುಕಿ, ಮತ್ತೆ ಅಪರಾಧಿಯೆನಿಸಿದನು. ದಂಡನೆಯನ್ನು ವಿಧಿಸುವ ಮುನ್ನವೇ ನಿಜವಾದ ಸ್ಮಿತ್ ಸಿಕ್ಕಿಬಿದ್ದುದರಿಂದ ಬೆಕ್ ಪಾರಾದನು. ೧೯೦೭ರಲ್ಲಿ ಇಂಗ್ಲೆಂಡಿನಲ್ಲಿ ದಂಡ ಮೇಲ್ಮನವಿಯ ನ್ಯಾಯಾಲಯವು ಸ್ಥಾಪಿತವಾದುದಕ್ಕೆ ಈ ಮೊಕದ್ದಮೆಯು ಒಂದು ಮುಖ್ಯ ಪ್ರೇರಣೆ.

ಪೂರ್ವಾಪರಾಧವನ್ನು ಹೊರಗಿಟ್ಟುದರಿಂದಲೇ ನಿರಪರಾಧಿಯು ಕೆಟ್ಟನಲ್ಲವೇ ಎಂದು ಕೇಳಬಹುದು. ಸೂಕ್ಷ್ಮವಾಗಿ ನೋಡಿದರೆ ಇದರಿಂದ ನಮ್ಮ ವಾದಕ್ಕೆ ಬಲವೇ ಬರುವುದು. ಬೆಕ್ಕನ ಕುತ್ತಿಗೆಗೆ ಉರುಳಾದುದು ಸ್ಮಿತ್ತನ ಹೆಸರಿನ ಹಳೆಯ ದಾಖಲೆ. ತನಿಖೆಯವರ ಮನಸ್ಸಿನಲ್ಲಿ ಅದು ಆದಿಯಿಂದ ಅಂತ್ಯದವರೆಗೆ ಕೆಲಸ ಮಾಡಿತು. ಸೆರೆಮನೆಯಲ್ಲಿಯೂ ಅವನನ್ನು ಸ್ಮಿತ್ತನೆಂದೇ ಎಣಿಸಲಾಯಿತು. ಅದನ್ನು ಅಲ್ಲಗಳೆಯುವ ಅವಕಾಶ ಮಾತ್ರ ಅವನಿಗೆ ದೊರೆಯಲಿಲ್ಲ. ಆಪಾದಿತನ ರಕ್ಷಣೆಗೆಂದು ಹುಟ್ಟಿದ ಗುರಾಣಿಯನ್ನು ಅವನ ವಿರುದ್ಧವಾಗಿಯೇ ಹಿಡಿದದ್ದು ಇಲ್ಲಿಯ ತಪ್ಪು. ಆದಕಾರಣ ನಿಯಮವನ್ನು ಹೀಗೆ ಅರ್ಥಮಾಡಬೇಕು: ಪೂರ್ವಾಪರಾಧವನ್ನು ಹೊರಗಿಡಬೇಕೆನ್ನುವ ಹಕ್ಕು ಆಪಾದಿತನದು, ತನ್ನ ನಿರಪರಾಧಿತ್ವಕ್ಕೆ ಅದು ಬೇಕಾದಾಗ ಒಳತರುವ ಹಕ್ಕೂ ಅವನದೇ.

ಇದರಿಂದ ಶಿಫಾರಸಿನ ಪರವಾಗಿ ಸಾಮಾನ್ಯವಾಗಿ ಹೇಳಲಾಗುವ ಸಮತೆಯ ವಾದಕ್ಕೂ ಉತ್ತರ ದೊರೆಯುತ್ತದೆ. ಆಪಾದಿತನ ಸಚ್ಛೀಲ ಸಂಗತವಾದರೆ ದುಶ್ಶೀಲವೂ ಸಂಗತವಾಗಲಿ, ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿರಲಿ ಎಂಬುದು ಆ ವಾದ. ಆದರೆ ದಂಡವಿಚಾರಣೆಯ ತಕ್ಕಡಿಯನ್ನು ಸಮನಾಗಿ ಹಿಡಿಯುವ ಉದ್ದೇಶವೇ ಇಲ್ಲ. ಸರ್ಕಾರದ ಪಕ್ಷ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧಪಡಿಸಬೇಕು. ಆಪಾದಿತನು ಸಂದೇಹವನ್ನು ಹುಟ್ಟಿಸಿದರೆ ಸಾಕು. ಸಂದೇಹವನ್ನು ಹುಟ್ಟಿಸುವುದಕ್ಕೆ ಸಾಲುವ ದುರ್ಬಲವಾದ ಸಾಕ್ಷ್ಯ ಸಂದೇಹವನ್ನು ನಿವಾರಿಸುವುದಕ್ಕೆ ಸಾಲದು. ಶೀಲದ ಸಾಕ್ಷ್ಯವು ಎರಡು ಕಡೆಯೂ ದುರ್ಬಲವೇ; ಆದರೆ ಆ ದೌರ್ಬಲ್ಯದ ಪರಿಣಾಮ ಎರಡು ಕಡೆಯೂ ಒಂದೇ ಅಲ್ಲ.

೭

ಇಂಗ್ಲೆಂಡಿನ ಈಚಿನ ಮಾರ್ಗವನ್ನು ಕುರಿತು ಒಂದೆರಡು ಮಾತು ಸಾಕು. ೨೦೦೩ರ ದಂಡನ್ಯಾಯ ಅಧಿನಿಯಮವು ಆಪಾದಿತನ ದುಶ್ಶೀಲವು ಒಳಬರಬಹುದಾದ ಏಳು ದ್ವಾರಗಳನ್ನು ಏರ್ಪಡಿಸಿತು. ಅಪರಾಧದ ಪ್ರವೃತ್ತಿಯೇ ವಿಚಾರಣೆಯ ಒಂದು ವಿಷಯವಾಗಬಹುದೆಂದಿತು. ಆದರೂ ೨೦೦೫ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯ, ಹ್ಯಾನ್ಸನ್ ಮೊಕದ್ದಮೆಯಲ್ಲಿ, ಒಂದೇ ಒಂದು ಪೂರ್ವಶಿಕ್ಷೆಯಿಂದ ಪ್ರವೃತ್ತಿಯು ಬಹುಶಃ ಸಿದ್ಧವಾಗದು, ದುರ್ಬಲವಾದ ಮೊಕದ್ದಮೆಯನ್ನು ಬಲಪಡಿಸಲು ಇಂಥ ಸಾಕ್ಷ್ಯವನ್ನು ಬಳಸಕೂಡದು ಎಂದು ಎಚ್ಚರಿಸಬೇಕಾಯಿತು. ಅಲ್ಲಿ ನ್ಯಾಯಾಧೀಶನು ಬಾಗಿಲಲ್ಲಿ ನಿಂತು ಸಾಕ್ಷ್ಯವನ್ನು ತಡೆಯಬಲ್ಲನು. ಒಳಬಿಟ್ಟರೂ ಜ್ಯೂರಿಗೆ ಅದರ ಮಿತಿಯನ್ನು ತಿಳಿಸಬಲ್ಲನು. ನಮ್ಮಲ್ಲಿ ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಿಂದೀಚೆಗೆ ಜ್ಯೂರಿಯಿಲ್ಲ. ತಡೆಯುವವನೂ ಕೇಳುವವನೂ ತೀರ್ಮಾನಿಸುವವನೂ ಒಬ್ಬನೇ. ಕೇಳಿದುದನ್ನು ಮರೆಯೆಂದು ತನಗೆ ತಾನೇ ಆಜ್ಞೆ ಮಾಡಿಕೊಳ್ಳುವ ಶಕ್ತಿ ನ್ಯಾಯಾಧೀಶನಿಗಿದೆಯೆಂಬ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಅದರ ಮೇಲೆ ಒಬ್ಬನ ಸ್ವಾತಂತ್ರ್ಯವನ್ನು ಪಣವಿಡಲಾರೆವು.

ಹಾಗೆಂದು ಈಗಿನ ನಿಯಮದಿಂದ ತೃಪ್ತರಾಗಿರುವುದಕ್ಕೂ ಆಗದು. ಮುಂಬಾಗಿಲಿನಲ್ಲಿ ತಡೆದುದು ಹಿತ್ತಲ ಬಾಗಿಲುಗಳಿಂದ ಬರುತ್ತಿದೆ. ಜಾಮೀನಿನ ಅರ್ಜಿಯನ್ನು ವಿಚಾರಿಸುವಾಗ ಪೂರ್ವಚರಿತ್ರೆಯನ್ನು ನೋಡುವುದು ಸರಿಯೇ. ಆದರೆ ಅದನ್ನು ಓದಿದ ಮ್ಯಾಜಿಸ್ಟ್ರೇಟನೇ ಮುಂದೆ ಅಪರಾಧವನ್ನು ನಿರ್ಣಯಿಸುವುದುಂಟು. ಸದ್ವರ್ತನೆಗೆ ಜಾಮೀನನ್ನು ಕೇಳುವ ಪ್ರಕ್ರಿಯೆಯಲ್ಲಿ ಒಬ್ಬನು ರೂಢಿಗತ ಅಪರಾಧಿಯೆಂಬುದನ್ನು ಜನಜನಿತವಾದ ಖ್ಯಾತಿಯಿಂದಲೇ ಸಿದ್ಧಪಡಿಸಬಹುದೆಂಬ ವಿಧಿ ೧೮೯೮ರ ಸಂಹಿತೆಯಿಂದ ೧೯೭೩ರದಕ್ಕೆ ಇಳಿದುಬಂದಿತು. ೨೦೨೩ರ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಪ್ರಕ್ರಿಯೆ ಉಳಿದಿದೆ. ಇನ್ನು ಆಪಾದಿತನು ಸಚ್ಛೀಲದ ಸಾಕ್ಷ್ಯ ಕೊಟ್ಟರೆ ದುಶ್ಶೀಲವು ಉತ್ತರವಾಗಿ ಬರಬಹುದೆಂಬ ವಿನಾಯಿತಿ. ಅನುಭವಿಯಾದ ವಕೀಲನಿದ್ದವನು ಆ ಬಲೆಯನ್ನು ದಾಟಿ ನಡೆಯುವನು. ವಕೀಲನಿಲ್ಲದವನು ಸಾಕ್ಷಿಗೆ ಹಾಕಿದ ಒಂದು ಅಮಾಯಕ ಪ್ರಶ್ನೆಯಿಂದಲೇ ಅದಕ್ಕೆ ಬೀಳುವನು. ಸಮಾನವಾಗಿ ಬರೆದ ನಿಯಮ ಸಮಾನವಾಗಿ ಬೀಳುವುದಿಲ್ಲ.

ಸರಿಯಾದ ಮಾದರಿ ನಮ್ಮ ಕಾನೂನಿನೊಳಗೇ ಇದೆ. ಎರಡನೆಯ ಸಲ ಅಪರಾಧ ಮಾಡಿದವನಿಗೆ ಹೆಚ್ಚಿನ ದಂಡನೆಯನ್ನು ವಿಧಿಸುವ ದಂಡಸಂಹಿತೆಯ ೭೫ನೆಯ ಪ್ರಕರಣ, ಈಗ ನ್ಯಾಯ ಸಂಹಿತೆಯ ೧೩ನೆಯದು, ಜಾರಿಯಾಗುವ ಕ್ರಮವನ್ನು ನೋಡಿರಿ. ಆಪಾದಿತನು ಈಗಿನ ಅಪರಾಧಕ್ಕೆ ಅಪರಾಧಿಯೆಂದು ನಿರ್ಣಯವಾಗುವವರೆಗೆ, ಹಿಂದಿನ ಶಿಕ್ಷೆಯ ಆರೋಪವನ್ನು ಓದಿಹೇಳಕೂಡದು, ಅದರ ಪ್ರಸ್ತಾಪವನ್ನೂ ಸಾಕ್ಷ್ಯದಲ್ಲಿ ಎತ್ತಕೂಡದು. ನಿರ್ಣಯವಾದ ಮೇಲೆ, ಎಷ್ಟು ದಂಡನೆ ಎಂಬ ಪ್ರಶ್ನೆಗೆ ಪೂರ್ವಚರಿತ್ರೆ ಸಹಜವಾಗಿಯೇ ಸಂಬಂಧಿಸುತ್ತದೆ. ಹಿಡಿಯುವಾಗ ಒಂದು ಸಲ, ದಂಡನೆಯ ಪ್ರಮಾಣವನ್ನು ಗೊತ್ತುಮಾಡುವಾಗ ಒಂದು ಸಲ. ಇವೆರಡರ ನಡುವೆ, ಇವನು ಇದನ್ನು ಮಾಡಿದನೇ ಎಂಬ ಪ್ರಶ್ನೆಯನ್ನು ವಿಚಾರಿಸುವಷ್ಟು ಕಾಲ, ಪೂರ್ವಚರಿತ್ರೆಯು ಮೌನವಾಗಿರಬೇಕು. ಈ ಮೌನವನ್ನು ಜಾಮೀನಿನ ಕಾಗದಗಳವರೆಗೂ ವಿಸ್ತರಿಸುವುದು, ಖ್ಯಾತಿಯ ಸಾಕ್ಷ್ಯವನ್ನು ತೆಗೆದುಹಾಕುವುದು, ಸಚ್ಛೀಲದ ಪ್ರಶ್ನೆಯ ಪರಿಣಾಮವನ್ನು ವಕೀಲನಿಲ್ಲದ ಆಪಾದಿತನಿಗೆ ನ್ಯಾಯಾಧೀಶನೇ ಮೊದಲು ತಿಳಿಸಬೇಕೆಂದು ವಿಧಿಸುವುದು, ಇವು ಮುಂದೆ ಆಗಬೇಕಾದ ಕೆಲಸಗಳು.

೨೦೧೩ರಲ್ಲಿ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ ೫೩ಎ ಪ್ರಕರಣವು, ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತೆಯ ಸಮ್ಮತಿಯನ್ನು ನಿರ್ಣಯಿಸುವಾಗ ಅವಳ ಶೀಲವಾಗಲಿ ಪೂರ್ವಾನುಭವವಾಗಲಿ ಸಂಗತವಲ್ಲವೆಂದು ಸಾರಿತು. ಹಿಂದಿನ ಬಾಳನ್ನು ಕೆದಕಿ ಇಂದಿನ ಕೃತ್ಯವನ್ನು ಊಹಿಸಕೂಡದೆಂಬ ತತ್ತ್ವವನ್ನು ಸಂತ್ರಸ್ತೆಯ ವಿಷಯದಲ್ಲಿ ನಾವು ತಡವಾಗಿಯಾದರೂ ಕಲಿತೆವು. ಜನರ ಸಹಾನುಭೂತಿಗೆ ಪಾತ್ರನಲ್ಲದ ಆಪಾದಿತನ ವಿಷಯದಲ್ಲಿ ಅದೇ ತತ್ತ್ವವನ್ನು ಕಾಯ್ದುಕೊಳ್ಳುವುದು ಹೆಚ್ಚು ಕಷ್ಟ. ಹಳೆಯ ಕಳ್ಳನೊಬ್ಬನು ಮಾಡದ ಕಳವಿಗೆ ಸೆರೆಮನೆಗೆ ಹೋದರೆ ಊರು ಮರುಗುವುದಿಲ್ಲ. ಆದರೆ ಅಂದು ನಿಜವಾಗಿ ಕದ್ದವನು ಊರಿನಲ್ಲೇ ನಿಶ್ಚಿಂತನಾಗಿ ತಿರುಗಾಡುತ್ತಿರುತ್ತಾನೆ ಎಂಬುದನ್ನಾದರೂ ಊರು ನೆನೆಯಬೇಕು.